ಸುಖ ತಿಳಿಯದಿರುವುದೂ ಒಂದು ಕಾಯಿಲೆ

ಸಂಪಾದಕರಿಗೆ,

ಮಾನ್ಯರೇ,

ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ 31 ವರ್ಷಗಳಿಂದ ಔಷಧದ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್. ಅಂಗಡಿಯ ಫಲಕ ಮರಾಠಿಯಲ್ಲಿದ್ದರೂ ಒಳಗೆ ಕನ್ನಡ ಮಾತನಾಡುವವನೊಬ್ಬ ಕೂತಿದ್ದಾನೆ ಎಂಬುದು ನಮ್ಮವರಿಗೆಲ್ಲ ಗೊತ್ತಿರುವುದರಿಂದ, ಠಾಕುರ್ಲಿ, ಕಲ್ಯಾಣ ಕಡೆಯ ಕನ್ನಡಿಗರು ತಮ್ಮ ಮನೆಯ ಪಕ್ಕದಲ್ಲೇ ಬೇರೆ ಅಂಗಡಿಗಳಿದ್ದರೂ ಕೆಲವು ಮಾತುಗಳನ್ನು ಕನ್ನಡದಲ್ಲೇ ಹೇಳಬೇಕೆನ್ನಿಸಿದಾಗ ನನ್ನಲ್ಲಿಗೆ ಬರುತ್ತಾರೆ. ಅಂಥ ಮಾತುಗಳಲ್ಲಿ ಒಂದನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಗಂಡ ಹೆಂಡಿರ ಸುಖಕ್ಕೆ ಸಂಬಂಧಿಸಿದ್ದು. ಪತ್ರ ಉದ್ದವಾಗಿದೆ, ಆದರೂ ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ, ಏಕೆಂದರೆ ಈ ವಿಷಯವನ್ನು ಅರ್ಧ ಹೇಳಿದರೆ ಹೇಳದಿದ್ದುದಕ್ಕಿಂತ ಹೆಚ್ಚು ಕೇಡು.

ಕೆಲವು ವರ್ಷಗಳ ಹಿಂದೆ, ರಾತ್ರಿ ಹತ್ತೂವರೆಗೆ ಅಂಗಡಿಯ ಶಟರ್ ಅರ್ಧ ಎಳೆದಿದ್ದಾಗ, ನನಗೆ ಪರಿಚಯವಿದ್ದ ನಲವತ್ತರ ಆಸುಪಾಸಿನ ಗಿರಾಕಿಯೊಬ್ಬರು ಬಗ್ಗಿ ಒಳಗೆ ಬಂದರು. ಅವರ ಕೈಯಲ್ಲಿ ಸರ್ಟ್ರಾಲಿನ್ ಮಾತ್ರೆಯ ಪಟ್ಟಿಯಿತ್ತು. ಖಿನ್ನತೆಗೆಂದು ಮನೋವೈದ್ಯರು ಬರೆದುಕೊಟ್ಟಿದ್ದನ್ನು ತಿಂಗಳು ತಿಂಗಳು ನನ್ನಿಂದಲೇ ಒಯ್ಯುತ್ತಿದ್ದರು. ಹತ್ತು ಮಾತ್ರೆಗಳಲ್ಲಿ ನಾಲ್ಕು ಉಳಿದಿದ್ದವು. ಖಾಲಿಯಾದ ಗುಳಿಗಳ ಮೇಲಿನ ಹರಿದ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸಮಮಾಡುತ್ತ, ನನ್ನ ಮುಖ ನೋಡದೆ, "ಅಣ್ಣಾ, ಎಲ್ಲ ಆಗ್ತದೆ. ಆದರೆ ಏನೂ ಆದ ಹಾಗೆ ಆಗುವುದಿಲ್ಲ" ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಅವರೇ ಮುಂದುವರಿಸಿ, ಹೆಂಡತಿಯ ಮೇಲೆ ಪ್ರೀತಿ ಮೊದಲಿನಷ್ಟೇ ಉಂಟು, ಶರೀರವೂ ಕೈಕೊಟ್ಟಿಲ್ಲ, ಸ್ಖಲನವೂ ಆಗುತ್ತದೆ, ಆದರೆ ಆ ಗಳಿಗೆಯಲ್ಲಿ ಇರಬೇಕಾದ ಸುಖ ಮಾತ್ರ ಇಲ್ಲ, ಕೈ ತೊಳೆದುಕೊಂಡಷ್ಟೇ ಅನ್ನಿಸುತ್ತದೆ ಎಂದು ಹೇಳಿದರು. ಅಷ್ಟು ಹೇಳಲು ಅವರಿಗೆ ಹತ್ತು ನಿಮಿಷ ಹಿಡಿಯಿತು.

ನಾನು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ. "ಅದೆಲ್ಲ ವಯಸ್ಸಿನದು ಮಾರಾಯ್ರೆ, ಟೆನ್ಷನ್ನಿನದು, ತಲೆಗೆ ಹಚ್ಚಿಕೊಳ್ಳಬೇಡಿ" ಎಂದೆ. ಅವರು ತಲೆಯಾಡಿಸಿ ಹೋದರು. ನಾನು ಒಪ್ಪದಿದ್ದರೂ ಮಾತ್ರೆಯ ಮೇಲೆ ಅವರಿಗೆ ಅನುಮಾನವಿತ್ತು. ಮರುದಿನದಿಂದಲೇ, ಯಾರಿಗೂ ತಿಳಿಸದೆ, ನಿಲ್ಲಿಸಿಬಿಟ್ಟರು. ನಾಲ್ಕೈದು ದಿನಗಳಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ವಿದ್ಯುತ್ ಹೊಡೆದಂತಹ ಝುಮ್ಮೆನ್ನುವಿಕೆ ಶುರುವಾಯಿತು. ಎರಡು ತಿಂಗಳಲ್ಲಿ ಹಳೆಯ ಖಿನ್ನತೆ ಮರಳಿ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ನಡುವೆ ಅವರು ದಿನಪತ್ರಿಕೆಯೊಂದರ ಜಾಹೀರಾತು ನೋಡಿ 'ಗುಪ್ತರೋಗ ತಜ್ಞ' ಎನ್ನಿಸಿಕೊಂಡವನ ಬಳಿ ಹೋಗಿ 18,000 ರೂಪಾಯಿ ಕೊಟ್ಟು ಭಸ್ಮ, ಲೇಹ್ಯ ತಂದಿದ್ದರು ಎಂಬುದು ಆಮೇಲೆ ಅವರ ಪತ್ನಿಯಿಂದ ತಿಳಿಯಿತು. ಅವರು ಈಗ ಚೆನ್ನಾಗಿದ್ದಾರೆ ಮತ್ತು ಇದನ್ನು ಬರೆಯಲು ಒಪ್ಪಿದ್ದಾರೆ. ಆದರೆ ಆ ರಾತ್ರಿ ನಾನು ಒಂದೇ ಒಂದು ಮಾತು, "ಇದನ್ನು ಡಾಕ್ಟರಿಗೆ ಹೀಗೆಯೇ ಹೇಳಿ, ಅಲ್ಲಿಯವರೆಗೆ ಮಾತ್ರೆ ಬಿಡಬೇಡಿ" ಎಂದಿದ್ದರೆ ಇಷ್ಟೆಲ್ಲ ನಡೆಯುತ್ತಿರಲಿಲ್ಲ. ಔಷಧ ಮಾರುವವನಾಗಿ ನನಗೆ ಗೊತ್ತಿರಬೇಕಾಗಿತ್ತು, ಗೊತ್ತಿರಲಿಲ್ಲ. ಅಂದಿನಿಂದ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಸುಖ ಕೊಡಬೇಕಾದದ್ದು ಸುಖ ಕೊಡದಿರುವ ಸ್ಥಿತಿಯನ್ನು ಅನ್‌ಹೆಡೋನಿಯಾ ಎನ್ನುತ್ತಾರೆ; ಗ್ರೀಕ್ ಮೂಲದ ಈ ಪದವನ್ನು 1896ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತಿಯೊಡ್ಯೂಲ್ ರಿಬೊ. ಅದೇ ಸ್ಥಿತಿ ಕಾಮಸುಖಕ್ಕೆ ಮಾತ್ರ ಸೀಮಿತವಾಗಿದ್ದರೆ ಸೆಕ್ಶುಯಲ್ ಅನ್‌ಹೆಡೋನಿಯಾ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಪದ ನನಗೆ ಸಿಕ್ಕಿಲ್ಲ. 'ಸುಖಲೋಪ' ಎಂದು ಈ ಪತ್ರದ ಮಟ್ಟಿಗೆ ಕರೆಯುತ್ತೇನೆ. ಹಾಗೆ ನೋಡಿದರೆ ಇದನ್ನು ತಿಳಿಯಲು ಬೇಕಾದ ಮಾತು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಜ್ವರ ಬಿಟ್ಟವರು "ಬಾಯಿ ಕೆಟ್ಟಿದೆ" ಎನ್ನುತ್ತಾರೆ. ಹಸಿವಾಗುತ್ತದೆ, ಹಲ್ಲು ಅಗಿಯುತ್ತದೆ, ಗಂಟಲಲ್ಲಿ ತುತ್ತು ಇಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ, ರುಚಿಯೊಂದು ತಿಳಿಯುವುದಿಲ್ಲ. 2021ರಲ್ಲಿ ಕೋವಿಡ್ ಬಂದಾಗ ನಾನು ಹೋಳಿಗೆ ತಿಂದು ಹಿಟ್ಟು ಮುಕ್ಕಿದಂತೆ ಕೂತಿದ್ದೆ. ಆಗ ಮನೆಯಲ್ಲಿ ಯಾರೂ ನನಗೆ ವಯಸ್ಸಾಯಿತು ಎನ್ನಲಿಲ್ಲ, ಅಡುಗೆ ಮಾಡಿದವಳ ಮೇಲೆ ನನಗೆ ಪ್ರೀತಿ ಇಲ್ಲ ಎಂದೂ ಅನ್ನಲಿಲ್ಲ. ನಾಲಗೆಯ ವಿಷಯದಲ್ಲಿ ಸುಲಭವಾಗಿ ಒಪ್ಪುವುದನ್ನು ದೇಹದ ಇನ್ನೊಂದು ಅನುಭವದ ವಿಷಯದಲ್ಲಿ ನಾವು ಒಪ್ಪುವುದಿಲ್ಲ.

ಕಾಮದ ಅನುಭವವನ್ನು ನಾವು ಒಂದೇ ಎಳೆ ಎಂದು ಭಾವಿಸಿದ್ದೇವೆ, ಎಳೆಗಳು ಹಲವು. ಬೇಕೆನ್ನಿಸುವ ಆಸೆ ಬೇರೆ, ಜನನಾಂಗಕ್ಕೆ ರಕ್ತ ಹರಿದು ಶರೀರ ಸಿದ್ಧವಾಗುವುದು ಬೇರೆ, ಪರಾಕಾಷ್ಠೆಯಲ್ಲಿ ಸ್ನಾಯುಗಳು ಲಯಬದ್ಧವಾಗಿ ಬಿಗಿದು ಸಡಿಲಗೊಳ್ಳುವುದು ಬೇರೆ, ಅದೆಲ್ಲವನ್ನೂ ಮಿದುಳು ಸುಖವೆಂದು ಅನುಭವಿಸುವುದು ಬೇರೆ. ಸ್ಖಲನವನ್ನು ನಡೆಸುವ ನರಗಳ ಕೇಂದ್ರ ಬೆನ್ನುಹುರಿಯ ಕೆಳಭಾಗದಲ್ಲಿದೆ. ಆದ್ದರಿಂದಲೇ ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದ ಕೆಲವರಲ್ಲೂ ಸ್ಖಲನ ಆಗುತ್ತದೆ. ಸುಖ ಹುಟ್ಟುವುದು ಅಲ್ಲಲ್ಲ, ಮಿದುಳಿನಲ್ಲಿ. ಅಲ್ಲೂ, ಬೇಕು ಎನ್ನಿಸುವ ವ್ಯವಸ್ಥೆ ಮತ್ತು ಹಿತ ಎನ್ನಿಸುವ ವ್ಯವಸ್ಥೆ ಒಂದೇ ಅಲ್ಲ ಎಂಬುದನ್ನು ಅಮೆರಿಕದ ನರವಿಜ್ಞಾನಿ ಕೆಂಟ್ ಬೆರಿಡ್ಜ್ ತೋರಿಸಿಕೊಟ್ಟಿದ್ದಾರೆ: ಮೊದಲನೆಯದರಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು, ಎರಡನೆಯದರಲ್ಲಿ ಮಿದುಳು ತಾನೇ ತಯಾರಿಸುವ ಅಫೀಮಿನಂತಹ ರಾಸಾಯನಿಕಗಳದ್ದು. ಆದಕಾರಣ ಆಸೆ ಇದ್ದೂ ಸುಖ ಇಲ್ಲದಿರುವುದು, ಶರೀರ ನಡೆದೂ ಮನಸ್ಸಿಗೆ ಮುಟ್ಟದಿರುವುದು ಸಾಧ್ಯ. ನನ್ನ ಗಿರಾಕಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಎಲ್ಲ ಆಗುತ್ತಿತ್ತು.

ಇದನ್ನು ನಿಮಿರು ದೌರ್ಬಲ್ಯದ ಜೊತೆ ಸೇರಿಸಿ ನೋಡುವುದೇ ಜನರು ಮಾಡುವ ದೊಡ್ಡ ತಪ್ಪು. ಹಾಗೆ ನೋಡಿದವರು ಸಿಲ್ಡೆನಾಫಿಲ್ ಮಾತ್ರೆ ಕೇಳಿಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಆ ಮಾತ್ರೆ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಅಷ್ಟೇ. ಇಲ್ಲದ ಸುಖವನ್ನು ಅದು ತರುವುದಿಲ್ಲ. ಹೃದ್ರೋಗಕ್ಕೆ ನೈಟ್ರೇಟ್ ಜಾತಿಯ ಮಾತ್ರೆ, ಅಂದರೆ ಎದೆನೋವಿಗೆ ನಾಲಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟಿನಂಥದ್ದು, ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. 'ಶುದ್ಧ ಗಿಡಮೂಲಿಕೆ' ಎಂದು ಮಾರುವ ಶಕ್ತಿವರ್ಧಕ ಪುಡಿಗಳಲ್ಲಿ ಇದೇ ಸಿಲ್ಡೆನಾಫಿಲನ್ನು ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಆದ್ದರಿಂದ ಪುಡಿಯೇ ತಾನೆ, ಕೆಡುಕೇನು ಎಂದು ನಂಬುವುದು ಬೇಡ.

ಸುಖಲೋಪಕ್ಕೆ ಕಾರಣಗಳು ಹಲವು. ಖಿನ್ನತೆಯೇ ಒಂದು ಕಾರಣ. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು ಹಿತವಾದದ್ದು ಹಿತವೆನ್ನಿಸದಿರುವುದು. ಹಾಗಿದ್ದರೆ ಹಾಡು, ಊಟ, ಮಕ್ಕಳ ಆಟ ಯಾವುದೂ ಹಿಡಿಸುವುದಿಲ್ಲ. ಉಳಿದೆಲ್ಲ ರುಚಿಸುತ್ತ ಇದೊಂದೇ ಮಂಕಾಗಿದ್ದರೆ ವೈದ್ಯರು ಬೇರೆ ಕಡೆ ಹುಡುಕುತ್ತಾರೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೊಪ್ರಾಂ, ಪರಾಕ್ಸೆಟಿನ್ ಮುಂತಾದ, ಮಿದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಖಿನ್ನತೆಯ ಔಷಧಗಳು ಬಹಳ ಸಾಮಾನ್ಯವಾದ ಕಾರಣ; ಆತಂಕಕ್ಕೂ ಗೀಳು ಕಾಯಿಲೆಗೂ ಇವನ್ನೇ ಕೊಡುತ್ತಾರೆ. ಕೆಲವರಿಗೆ ಮೊದಲ ಕೆಲವು ದಿನಗಳಲ್ಲೇ ಜನನಾಂಗದ ಸ್ಪರ್ಶ ಮರಗಟ್ಟಿದಂತಾಗುತ್ತದೆ. ಇನ್ನು ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಾದರೆ, ಟೆಸ್ಟೊಸ್ಟಿರಾನ್ ತಗ್ಗಿದರೆ, ಥೈರಾಯ್ಡ್ ಕುಗ್ಗಿದರೆ, ವರ್ಷಾನುಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದರೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂತಹ ನರರೋಗ ಬಂದರೆ, ಸೊಂಟದ ಭಾಗದ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾದರೆ ಹೀಗಾಗಬಹುದು. ಕುಡಿತ, ಟ್ರಮಡಾಲ್‌ನಂತಹ ನೋವಿನ ಮಾತ್ರೆಯ ಚಟ, ಹಿಂದೆ ಅನುಭವಿಸಿದ ಲೈಂಗಿಕ ದೌರ್ಜನ್ಯ ಇವೂ ಪಟ್ಟಿಯಲ್ಲಿವೆ. ಇಷ್ಟು ಕಾರಣಗಳಿರುವಾಗ ಎಲ್ಲರಿಗೂ ಒಂದೇ ಪುಡಿ ಕೊಡುವವನನ್ನು ನಂಬುವುದು ಹೇಗೆ?

ಇದುವರೆಗೆ ಗಂಡಸರ ಮಾತೇ ಬಂತು, ಏಕೆಂದರೆ ಅಂಗಡಿಗೆ ಬಂದು ಕೇಳುವವರಲ್ಲಿ ಅವರೇ ಹೆಚ್ಚು. ಹೆಂಗಸರಿಗೆ ಈ ತೊಂದರೆ ಇಲ್ಲವೆಂದಲ್ಲ. ಒಮ್ಮೆ ಮಧ್ಯವಯಸ್ಸಿನ ಗೃಹಿಣಿಯೊಬ್ಬರು ಗರ್ಭ ಪರೀಕ್ಷೆಯ ಕಿಟ್ ಕೇಳಿದರು; ದುಡ್ಡು ಕೊಟ್ಟ ಮೇಲೂ ಹೋಗದೆ ನಿಂತಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾದಾಗ, ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ, ಎದೆಯಲ್ಲಿ ಹಾಲು ಜಿನುಗುತ್ತಿದೆ ಎಂದು ನನ್ನ ಜೊತೆ ಗಲ್ಲಾದಲ್ಲಿ ಕೂರುವ ನನ್ನ ಹೆಂಡತಿಗೆ ಹೇಳಿದರು. ಆಮೇಲೆ, "ಅಕ್ಕಾ, ಇನ್ನೊಂದು ಉಂಟು, ಹೇಳಲಿಕ್ಕೆ ನಾಚಿಕೆ" ಎಂದು ಶುರುಮಾಡಿ, ಗಂಡ ಹತ್ತಿರ ಬಂದಾಗ ಮೊದಲಿದ್ದ ಸುಖ ಒಂದು ಚೂರೂ ಇಲ್ಲ, ಕಲ್ಲಿನ ಹಾಗೆ ಮಲಗಿರುತ್ತೇನೆ ಎಂದರು. ಅವರ ಚೀಟಿಯಲ್ಲಿ ರಿಸ್ಪೆರಿಡಾನ್ ಎಂಬ ಮನೋರೋಗದ ಮಾತ್ರೆ ಇತ್ತು. ಅದು ಪ್ರೊಲ್ಯಾಕ್ಟಿನ್ ಏರಿಸುವ ಔಷಧಗಳಲ್ಲಿ ಮುಖ್ಯವಾದದ್ದು. ಮುಟ್ಟು ನಿಲ್ಲುವುದು, ಹಾಲು ಬರುವುದು, ಆಸೆ ಸುಖ ಎರಡೂ ಕುಂದುವುದು ಒಂದೇ ಬೇರಿನಿಂದ ಹೊರಟವು. ಗರ್ಭ ನಿಂತಿರಲಿಲ್ಲ. ಅದೇ ವಾರ ವೈದ್ಯರ ಬಳಿ ಹೋದರು, ರಕ್ತ ಪರೀಕ್ಷೆಯಾಯಿತು, ವೈದ್ಯರು ಔಷಧ ಬದಲಿಸಿದರು, ಕೆಲವು ತಿಂಗಳಲ್ಲಿ ಮುಟ್ಟು ಮರಳಿತು. ಸುಖದ ವಿಷಯ ನಾವು ಮತ್ತೆ ಕೇಳಲಿಲ್ಲ. ಆದರೆ ಒಂದು ದಿನ ಅವರೇ ನನ್ನ ಹೆಂಡತಿಯ ಕೈಗೆ ಒಂದು ಮೊಳ ಅಬ್ಬಲಿಗೆ ಕೊಟ್ಟು, ಏನೂ ಹೇಳದೆ ಹೋದರು.

ಎಷ್ಟೋ ಹೆಂಗಸರಿಗೆ ಮೊದಲಿತ್ತು, ಈಗಿಲ್ಲ ಎಂದು ಹೋಲಿಸಿ ನೋಡಲೂ ಅವಕಾಶವಾಗಿರುವುದಿಲ್ಲ. ಸುಖ ತಮಗೂ ಸಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಗರ್ಭಕೋಶ ತೆಗೆಸಿಕೊಂಡವರು, ಮುಟ್ಟು ನಿಂತವರು "ಇನ್ನೇನು, ಈ ವಯಸ್ಸಿಗೆ" ಎಂದು ತಮ್ಮಷ್ಟಕ್ಕೇ ಮುಚ್ಚಿಹಾಕಿಬಿಡುತ್ತಾರೆ. ಅವರ ಬಗ್ಗೆ ವೈದ್ಯರೊಬ್ಬರು ಬರೆದರೆ ನನಗಿಂತ ಚೆನ್ನಾಗಿ ಬರೆಯಬಲ್ಲರು.

ಈಗ ಬಹಳ ಮುಖ್ಯವಾದ ಮಾತು. ಔಷಧದಿಂದ ಹೀಗಾಗಿದೆ ಎಂದು ಸಂಶಯ ಬಂದರೆ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮೇಲೆ ಬರೆದಿದ್ದೇನೆ; ಮನೋರೋಗದ ಮಾತ್ರೆಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಈ ಮಾತ್ರೆಗಳು ಎಷ್ಟೋ ಜೀವಗಳನ್ನು ಉಳಿಸಿವೆ, ನನ್ನ ಕಣ್ಣೆದುರೇ ಉಳಿಸಿವೆ. ಈ ಪತ್ರ ಓದಿ ಯಾರಾದರೂ ಮಾತ್ರೆ ಎಸೆದರೆ ನಾನು ಎರಡನೇ ಬಾರಿ ಅದೇ ತಪ್ಪು ಮಾಡಿದಂತಾಗುತ್ತದೆ. ವೈದ್ಯರ ಬಳಿ ದಾರಿಗಳಿವೆ. ಪ್ರಮಾಣವನ್ನು ನಿಧಾನವಾಗಿ ಇಳಿಸಬಹುದು. ಬುಪ್ರೊಪಿಯಾನ್, ಮಿರ್ಟಾಜಪಿನ್‌ನಂತಹ, ಈ ತೊಂದರೆ ಕಡಿಮೆ ಇರುವ ಔಷಧಕ್ಕೆ ಬದಲಿಸಬಹುದು. ಬೆಳಗಿನ ಹೊತ್ತು ಟೆಸ್ಟೊಸ್ಟಿರಾನ್, ಅದರ ಜೊತೆ ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆ, ಬಿ-12 ಪರೀಕ್ಷೆ ಮಾಡಿಸುತ್ತಾರೆ. ಮರಗಟ್ಟುವಿಕೆ ಇದ್ದರೆ ನರತಜ್ಞರಿಗೆ ತೋರಿಸಲು ಹೇಳುತ್ತಾರೆ. ಪ್ರೊಲ್ಯಾಕ್ಟಿನ್ ಹೆಚ್ಚಲು ಪಿಟ್ಯುಟರಿ ಗ್ರಂಥಿಯ ಗಡ್ಡೆ ಕಾರಣವಾಗಿದ್ದರೆ ಅದಕ್ಕೆ ಕ್ಯಾಬರ್ಗೊಲಿನ್ ಎಂಬ ಮಾತ್ರೆ ಇದೆ. ಮನಸ್ಸಿನ ಗಾಯವಿದ್ದರೆ ಆಪ್ತಸಮಾಲೋಚನೆ ಬೇಕು. ಗುರಿಯ ಚಿಂತೆ ಬಿಟ್ಟು, ಸಂಭೋಗವನ್ನೇ ಕೆಲವು ವಾರ ಬದಿಗಿಟ್ಟು, ಗಂಡ ಹೆಂಡಿರು ಬರಿಯ ಸ್ಪರ್ಶವನ್ನು ಹಂತಹಂತವಾಗಿ ಮತ್ತೆ ಕಲಿಯುವ ಅಭ್ಯಾಸವನ್ನು ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ ರೂಪಿಸಿದ್ದು ಇಂದಿಗೂ ಚಿಕಿತ್ಸೆಯಲ್ಲಿದೆ. ಸುಖಲೋಪಕ್ಕೆಂದೇ ಒಂದು ಮಾತ್ರೆ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ, ನನ್ನ ಅಂಗಡಿಯಲ್ಲೂ ಇಲ್ಲ.

ಔಷಧ ಬದಲಾದ ಮೇಲೆ ಅನೇಕರಿಗೆ ಸುಖ ಮರಳುತ್ತದೆ. ಕೆಲವರಿಗೆ, ಮಾತ್ರೆ ಪೂರ್ತಿ ನಿಲ್ಲಿಸಿದ ಮೇಲೂ, ಈ ತೊಂದರೆ ಉಳಿದುಬಿಡುತ್ತದೆ. ಅಂಥ ರೋಗಿಗಳು ವರ್ಷಗಟ್ಟಲೆ ಹೇಳಿಕೊಂಡು ಬಂದ ಮೇಲೆ, 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಜಾತಿಯ ಖಿನ್ನತೆಯ ಔಷಧಗಳ ಮಾಹಿತಿ ಪತ್ರದಲ್ಲಿ, ಲೈಂಗಿಕ ತೊಂದರೆಗಳು ಔಷಧ ನಿಲ್ಲಿಸಿದ ನಂತರವೂ ಮುಂದುವರಿಯಬಹುದು ಎಂಬ ಎಚ್ಚರಿಕೆ ಸೇರಿಸಬೇಕೆಂದು ಹೇಳಿತು. ರೋಗಿಯ ಮಾತನ್ನು ಭ್ರಮೆ ಎಂದು ತಳ್ಳಿಹಾಕುವವರಿಗೆ ಈ ಒಂದು ಸಂಗತಿ ಸಾಕಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ವರ್ಗೀಕರಣ 2022ರ ಜನವರಿಯಿಂದ ಜಾರಿಗೆ ಬಂದಾಗ, ಲೈಂಗಿಕ ತೊಂದರೆಗಳನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯ ಎಂಬ ಪ್ರತ್ಯೇಕ ಅಧ್ಯಾಯದಲ್ಲಿಟ್ಟಿತು. ದೇಹ ಬೇರೆ, ಮನಸ್ಸು ಬೇರೆ ಎಂದು ಇದನ್ನು ಸೀಳಿ ನೋಡಲಾಗದು ಎಂಬುದೇ ಅದರ ಅರ್ಥ.

ವೈದ್ಯರಿಗೂ ಒಂದು ಬಿನ್ನಹವಿದೆ. ಸ್ಪೇನ್ ದೇಶದಲ್ಲಿ 344 ರೋಗಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಮಾತ್ರೆಗಳಿಂದಾದ ಲೈಂಗಿಕ ತೊಂದರೆಯನ್ನು ತಾವಾಗಿಯೇ ಹೇಳಿಕೊಂಡವರು ಶೇ 14. ವೈದ್ಯರು ನೇರವಾಗಿ ಕೇಳಿದಾಗ ಹೌದೆಂದವರು ಶೇ 58. ಸ್ಪೇನಿನ ಜನವೇ ಇಷ್ಟು ಸಂಕೋಚಪಟ್ಟರೆ ನಮ್ಮವರ ಪಾಡೇನು? 'ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹಿಂದೆ ಇಪ್ಪತ್ತು ಜನ ನಿಂತಿರುವಾಗ, ಹತ್ತಿರ ಎರಡು ಕುರ್ಚಿಗಳಲ್ಲಿ ಅಪರಿಚಿತರು ಕೂತಿರುವಾಗ, ಹೋಟೆಲಿನಲ್ಲಿ ದುಡಿಯುವ ಕುಂದಾಪುರದ ಹುಡುಗನೊಬ್ಬ ತನಗೆ ಅರ್ಧಂಬರ್ಧ ಬರುವ ಹಿಂದಿಯಲ್ಲಿ ಇದನ್ನು ಹೇಳಬೇಕು. ಅವನಿಗೆ ತಿಳಿದಿರುವ ಹಿಂದಿ ಪದಗಳು ಒಂದೋ ಬೈಗುಳ, ಇಲ್ಲವೇ ರೈಲು ಡಬ್ಬಿಯ ಒಳಗೆ ಅಂಟಿಸಿರುವ ಜಾಹೀರಾತಿನ ಪದಗಳು. ಆತ 'ಕಮ್ಜೋರಿ' ಎನ್ನುತ್ತಾನೆ, ವೈದ್ಯರು ಶಕ್ತಿಯ ಮಾತ್ರೆ ಬರೆಯುತ್ತಾರೆ, ಅವನು ಅದನ್ನು ತಂದು ನನಗೆ ತೋರಿಸುತ್ತಾನೆ. ಇದು ನನ್ನ ಊಹೆಯಲ್ಲ; ಇಂಥ ಚೀಟಿಗಳನ್ನು ನಾನು ನೋಡುತ್ತಲೇ ಇದ್ದೇನೆ. ಔಷಧ ಶುರುಮಾಡುವಾಗಲೇ "ಇದರಿಂದ ಹೀಗಾಗಬಹುದು, ಹಾಗಾದರೆ ಬಂದು ಹೇಳಿ" ಎಂಬ ಒಂದು ವಾಕ್ಯವನ್ನು, ಮುಂದಿನ ಭೇಟಿಯಲ್ಲಿ "ಆ ವಿಷಯ ಹೇಗಿದೆ?" ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಸೇರಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಗಂಡನಿಗೆ ಅಥವಾ ಹೆಂಡತಿಗೆ ಹೀಗಾದಾಗ ಜೊತೆಗಿರುವವರು ಅನುಭವಿಸುವ ಸಂಕಟ ಬೇರೆ ತರಹದ್ದು. ಮೇಲೆ ಹೇಳಿದ ಗಿರಾಕಿಯ ಪತ್ನಿ, ಗಂಡನಿಗೆ ಬೇರೆ ಯಾರೋ ಇದ್ದಾರೆ ಎಂದು ಎಂಟು ತಿಂಗಳು ನಂಬಿದ್ದರಂತೆ. ಅವರ ಫೋನು ನೋಡಿದರು, ಆಫೀಸಿನಿಂದ ಬರುವ ರೈಲಿನ ಹೊತ್ತು ಲೆಕ್ಕ ಹಾಕಿದರು, ಊರಿನ ಅತ್ತೆಗೆ ಅತ್ತು ಹೇಳಿದರು. "ಕಾಯಿಲೆ ಎಂದು ಒಂದು ಮಾತು ಗೊತ್ತಿದ್ದರೆ ನಾನೇ ಡಾಕ್ಟರ ಹತ್ತಿರ ಕರಕೊಂಡು ಹೋಗುತ್ತಿದ್ದೆ" ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿದೆ.

ಕೊನೆಯದಾಗಿ, ಸಂಪಾದಕರಾದ ತಮ್ಮಲ್ಲಿ ಒಂದು ಕೋರಿಕೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ 3ನೇ ಸೆಕ್ಷನ್, ಲೈಂಗಿಕ ಸುಖದ ಸಾಮರ್ಥ್ಯವನ್ನು ಉಳಿಸುತ್ತೇವೆ ಅಥವಾ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಿದೆ. ಪ್ರಕಟಣೆಯಲ್ಲಿ ಪಾಲು ಪಡೆಯುವವರಿಗೂ ಅದು ಅನ್ವಯಿಸುತ್ತದೆ, ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸವಿದೆ. ಆದರೂ ಪತ್ರಿಕೆಗಳ ವರ್ಗೀಕೃತ ಪುಟಗಳಲ್ಲಿ, ಮದುವೆ ಸಂಬಂಧ ಮತ್ತು ಮನೆ ಬಾಡಿಗೆಯ ನಡುವೆ, ಇಂಥವು ಬರುತ್ತಲೇ ಇವೆ. ಒಂದು ಚಿಕ್ಕ ಚೌಕದಿಂದ ಪತ್ರಿಕೆಗೆ ಬರುವ ಹಣ ಎಷ್ಟಿರುತ್ತದೋ ನಾನರಿಯೆ. ಅದರಿಂದ ಒಂದು ಮನೆಗೆ ಆದ ನಷ್ಟವನ್ನು ನಾನು ಕಂಡಿದ್ದೇನೆ. ಅವನ್ನು ನಿಲ್ಲಿಸಿ, ಅಷ್ಟೇ ಜಾಗದಲ್ಲಿ ವಾರಕ್ಕೊಮ್ಮೆ ಅರ್ಹ ವೈದ್ಯರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಸಿ ಎಂದು ಕೋರುತ್ತೇನೆ.

ಮುಂಬಯಿ ನಗರಕ್ಕೆ ಇದು ಹೊಸದಲ್ಲ. ರಘುನಾಥ ಧೋಂಡೊ ಕರ್ವೆಯವರು 1921ರಲ್ಲಿ ಇಲ್ಲಿಯೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ನಡೆಸಿ, ಓದುಗರ ಇಂಥ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಹಾಗೆ ಉತ್ತರಿಸಿದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಬಿದ್ದಾಗ, 1934ರಲ್ಲಿ ಅವರ ಪರವಾಗಿ ಬಾಂಬೆ ಹೈಕೋರ್ಟಿನಲ್ಲಿ ವಾದಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರ್. ಮೊಕದ್ದಮೆಯಲ್ಲಿ ಕರ್ವೆಯವರು ಸೋತರು, ಪತ್ರಿಕೆ ನಿಲ್ಲಲಿಲ್ಲ. 1953ರಲ್ಲಿ ಕರ್ವೆಯವರು ತೀರಿಕೊಳ್ಳುವವರೆಗೆ ನಡೆಯಿತು. ನಮ್ಮ ಕಾಲದಲ್ಲಿ ಡಾ. ಮಹಿಂದರ್ ವತ್ಸ ಅವರು 2005ರಿಂದ ಇಲ್ಲಿನ ಇಂಗ್ಲಿಷ್ ದೈನಿಕದಲ್ಲಿ ಅದೇ ಕೆಲಸವನ್ನು ಮಾಡಿ, 2020ರ ಡಿಸೆಂಬರಿನಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂಬಯಿಯ ಮರಾಠಿ ಓದುಗರಿಗೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಿಕ್ಕಿದ್ದು ಮುಂಬಯಿಯ ಕನ್ನಡ ಓದುಗರಿಗೂ ಸಿಗಲಿ. ಸಂಘಗಳಲ್ಲಿ ಯಕ್ಷಗಾನ, ತಾಳಮದ್ದಳೆ, ವಾರ್ಷಿಕೋತ್ಸವಗಳ ನಡುವೆ ರಕ್ತದೊತ್ತಡದ ತಪಾಸಣಾ ಶಿಬಿರ ನಡೆಯುತ್ತದೆ. ಕನ್ನಡ ಬಲ್ಲ ಮನೋವೈದ್ಯರನ್ನೋ ಸ್ತ್ರೀರೋಗ ತಜ್ಞರನ್ನೋ ಅಂಥ ಶಿಬಿರದಲ್ಲಿ ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸುವುದು ಕಷ್ಟದ ಕೆಲಸವಲ್ಲ.

ಯಾರಿಗೂ ಮುಖ ತೋರಿಸಲು ಧೈರ್ಯ ಬಾರದವರು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಇದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಆರಿಸಿಕೊಳ್ಳುವ ಭಾಷೆಗಳಲ್ಲಿ ಕನ್ನಡವೂ ಇದೆ. ಮಾನಸಿಕ ಆರೋಗ್ಯ ಚಿಕಿತ್ಸೆಯಲ್ಲಿ ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ವಿಧಿಸಿದೆ.

ಬಾಯಿ ಬಿಟ್ಟು ಹೇಳಲಾಗದ ಗಿರಾಕಿಗಳಿಗೆ ನಾನು ಈಗ ಒಂದು ಚೀಟಿ ಬರೆದು ಕೊಡುತ್ತೇನೆ; ಕನ್ನಡದಲ್ಲಿ ಬರೆದು ಅವರಿಗೆ ಓದಿ ಹೇಳಿ, ಕೆಳಗೆ ಅದನ್ನೇ ಮರಾಠಿಯಲ್ಲೂ ಹಿಂದಿಯಲ್ಲೂ ಬರೆಯುತ್ತೇನೆ. ಡಾಕ್ಟರ ಮೇಜಿನ ಮೇಲೆ ಇಟ್ಟರೆ ಸಾಕು. ಅದರ ಕನ್ನಡ ಒಕ್ಕಣೆಯನ್ನು ಇಲ್ಲಿ ಕೊಟ್ಟಿದ್ದೇನೆ, ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಲಿ:

"ಡಾಕ್ಟರೇ, ನನಗೆ ಆಸೆ ಇದೆ, ಶರೀರವೂ ಸ್ಪಂದಿಸುತ್ತದೆ, ಆದರೆ ಕೊನೆಯಲ್ಲಿ ಸುಖ ತಿಳಿಯುವುದಿಲ್ಲ. ಇದು ಇಂಥ ತಿಂಗಳಿನಿಂದ ಶುರುವಾಗಿದೆ. ಆಗ ನಾನು ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಹೆಸರು ಹಿಂಬದಿಯಲ್ಲಿದೆ. ಸ್ಪರ್ಶ ಮರಗಟ್ಟಿದೆ / ಮರಗಟ್ಟಿಲ್ಲ. ಉಳಿದ ವಿಷಯಗಳಲ್ಲಿ ಸಂತೋಷ ಆಗುತ್ತದೆ / ಆಗುವುದಿಲ್ಲ. ಮಾತ್ರೆಯನ್ನು ನಾನಾಗಿ ನಿಲ್ಲಿಸಿಲ್ಲ. ದಯವಿಟ್ಟು ನನ್ನ ಜೊತೆ ಒಬ್ಬರೇ ಇರುವಾಗ ಮಾತನಾಡಿ."

ಗಿರಾಕಿಗಳ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನೂ ಅಂಗಡಿಯ ಹೆಸರನ್ನೂ ಪ್ರಕಟಿಸಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿಸ್ಟ್, ಡೊಂಬಿವಲಿ